ಇಪ್ಪತ್ತೊಂದನೆಯ ಬೆಲೆ

ಲೋಲಕದ ಆಂದೋಲನ ಕಾಲವನ್ನು ಪ್ರಯೋಗಶಾಲೆಯಲ್ಲಿ ಅಳೆದಿರುವ ವಿದ್ಯಾರ್ಥಿಗೆ, ಅದರ ಸೂತ್ರವು ಬೇಡುವುದು ದಾರದ ಉದ್ದ ಮತ್ತು ಗುರುತ್ವದ ವೇಗೋತ್ಕರ್ಷ ಎಂಬ ಎರಡೇ ಬೆಲೆಗಳನ್ನು ಎಂಬುದು ತಿಳಿದೇ ಇದೆ. ಕಂಪ್ಯೂಟರಿಗೆ ಇಂಥ ಸೂತ್ರವನ್ನು ನಾವು ಫಂಕ್ಷನ್ ಎಂಬ ಚಿಕ್ಕ ಆದೇಶಮಾಲೆಯಾಗಿ ಬರೆದುಕೊಡುತ್ತೇವೆ. ಎರಡರ ಬದಲು ಒಂದೇ ಬೆಲೆಯನ್ನು ಕೊಟ್ಟರೆ ಪೈಥಾನ್ ಭಾಷೆಯು ಒಡನೆಯೇ ತಕರಾರು ತೆಗೆದು ಕೆಲಸವನ್ನು ನಿಲ್ಲಿಸುತ್ತದೆ. ಆದರೆ ಮೀಟರಿನಲ್ಲಿ 1 ಎನ್ನಬೇಕಾದಲ್ಲಿ ಸೆಂಟಿಮೀಟರಿನ 100ನ್ನು ಕೊಟ್ಟೆವೆನ್ನಿ. ಎಣಿಕೆ ಸರಿಯಾಗಿದೆಯಾಗಿ ಯಂತ್ರವು ಮರುಮಾತಿಲ್ಲದೆ 2 ಸೆಕೆಂಡಿನ ಬದಲು 20 ಸೆಕೆಂಡು ಎಂದು ಉತ್ತರಿಸುತ್ತದೆ. ಬೆಲೆ ಯುಕ್ತವೇ ಎಂಬ ಪರೀಕ್ಷೆಯನ್ನು ಬರೆಯಬೇಕಾದವರು ನಾವೇ.

ಎಣಿಕೆಯನ್ನಾದರೂ ಎಲ್ಲ ಭಾಷೆಗಳೂ ಮಾಡಿಕೊಡುವುದಿಲ್ಲ. ಸಿ ಭಾಷೆಯಲ್ಲಿ ಬೆಲೆಗಳನ್ನು ಸಾಲಾಗಿ ಜೋಡಿಸಿ ಫಂಕ್ಷನ್ನಿಗೆ ಒಪ್ಪಿಸಿದರೆ, ಸಾಲು ಎಲ್ಲಿ ಮುಗಿಯಿತೆಂಬುದು ಅದಕ್ಕೆ ತಾನಾಗಿ ತಿಳಿಯದು. ಇಪ್ಪತ್ತು ಮನೆಗಳ ಬೀದಿಯಲ್ಲಿ ಇಪ್ಪತ್ತೊಂದನೆಯ ಮನೆಯನ್ನು ಅರಸುತ್ತ ಕತ್ತಲಲ್ಲಿ ಹೋದವನು ಬಾವಿಗೆ ಕಾಲಿಟ್ಟರೂ ಇಟ್ಟಾನು!

2024ರ ಜುಲೈ 19ರಂದು ಆದದ್ದು ಇದೇ. ದುಷ್ಟ ಕಾರ್ಯಕ್ರಮಗಳಿಂದ ಕಂಪ್ಯೂಟರುಗಳನ್ನು ಕಾಯುವುದು ಅಮೆರಿಕದ ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ಕೆಲಸ. ಆ ವರ್ಷದ ಫೆಬ್ರವರಿಯಲ್ಲಿ ಅದು ತನ್ನ ತಂತ್ರಾಂಶಕ್ಕೆ ಸೇರಿಸಿದ ಭಾಗವೊಂದರಲ್ಲಿ 21 ಬೆಲೆಗಳು ಬರುವುವೆಂದು ನಿರೂಪಿಸಿತ್ತು. ಕರೆಯುವ ಕಡೆಯಿಂದ ವಾಸ್ತವವಾಗಿ ಬರುತ್ತಿದ್ದುದು 20 ಮಾತ್ರ. ಪರೀಕ್ಷೆಗಳಲ್ಲಿಯೂ ಮೊದಮೊದಲ ನಿಯಮಗಳಲ್ಲಿಯೂ 21ನೆಯ ಸ್ಥಾನಕ್ಕೆ ‘ಏನಿದ್ದರೂ ಸರಿ’ ಎಂದೇ ಬರೆದಿದ್ದುದರಿಂದ ಅದನ್ನು ಓದುವ ಪ್ರಸಂಗವೇ ಬರಲಿಲ್ಲ. ಐದು ತಿಂಗಳು ಹೀಗೆಯೇ ಕಳೆದುವು. ಅಂದು ಭಾರತದ ವೇಳೆ ಬೆಳಗ್ಗೆ 9 ಗಂಟೆ 39 ನಿಮಿಷಕ್ಕೆ ಕಳುಹಿಸಿದ ಹೊಸ ನಿಯಮವು ಮೊಟ್ಟಮೊದಲಿಗೆ 21ನೆಯದನ್ನು ಓದಿ ನೋಡೆಂದಿತು. ಸಾಲಿನಾಚೆ ಸ್ಮೃತಿಯಲ್ಲಿ ಬಿದ್ದಿದ್ದ ಯಾವುದೋ ಅಂಕಿಯನ್ನು ವಿಳಾಸವೆಂದು ನಂಬಿ ಕಾರ್ಯಕ್ರಮವು ಅಲ್ಲಿಗೆ ಹೋಯಿತು. ವಿಂಡೋಸ್ ವ್ಯವಸ್ಥೆಯ ಒಡಲಲ್ಲಿಯೇ ನಡೆದ ತಪ್ಪಾದುದರಿಂದ ಇಡೀ ಯಂತ್ರವೇ ನಿಂತಿತು.

ನಿಯಮವನ್ನು 78 ನಿಮಿಷಗಳಲ್ಲಿ ಹಿಂತೆಗೆದುಕೊಂಡರು. ಅಷ್ಟರಲ್ಲಿ, ಮೈಕ್ರೋಸಾಫ್ಟಿನ ಅಂದಾಜಿನಂತೆ, 85 ಲಕ್ಷ ಕಂಪ್ಯೂಟರುಗಳು ಕೆಟ್ಟಿದ್ದುವು. ವಿಮಾನಗಳು ರದ್ದಾದುವು, ಆಸ್ಪತ್ರೆಗಳ ಕೆಲಸ ತಡೆಯಿತು. ನಮ್ಮ ಬೆಂಗಳೂರಿನ ವಿಮಾನನಿಲ್ದಾಣದಲ್ಲಿಯೂ ಕೆಲವು ಸಂಸ್ಥೆಗಳು ಪ್ರಯಾಣಿಕರ ನೋಂದಣಿಯನ್ನು ಕೈಯಿಂದಲೇ ನಡೆಸಬೇಕಾಯಿತು.

ನಿಯಮಗಳನ್ನು ಹೊರಬಿಡುವ ಮೊದಲು ಪರಿಶೀಲಿಸಲು ಬೇರೊಂದು ಕಾರ್ಯಕ್ರಮವಿರಲಿಲ್ಲವೇ ಎಂದು ವಾಚಕರು ಕೇಳಬಹುದು. ಇದ್ದಿತು, ಆದರೆ ಅದೂ 21 ಬೆಲೆಗಳು ಬರುತ್ತವೆಂದೇ ನಂಬಿತ್ತು! ನಮಗೆ ಸೋಜಿಗವೆನಿಸುವುದು ಇದೇ. ಬಂದದ್ದನ್ನು ಎಣಿಸಿ, ಸಾಲಿನಾಚೆ ಓದಗೊಡದ ಪರೀಕ್ಷೆಯನ್ನು ಆ ತಂತ್ರಾಂಶಕ್ಕೆ ಸೇರಿಸಿದ್ದು ಆರು ದಿನಗಳ ಅನಂತರ, ಜುಲೈ 25ರಂದು.