ಕುಶನ್ ತುಂಬುವ ಯಂತ್ರ: ಗಾಳಿಯನ್ನು ನಿಭಾಯಿಸುವ ಕಸುಬು

ಸೋಫಾ, ಆರಾಮಕುರ್ಚಿ, ದಿವಾನ್‌ಗಳ ಕುಶನ್ ಕವರಿನೊಳಗೆ ಫೋಮ್, ಸ್ಪ್ರಿಂಗ್, ಹತ್ತಿ ಅಥವಾ ಕೃತಕ ನಾರನ್ನು ಸೇರಿಸಲು ಬಳಸುವುದು ಕುಶನ್ ತುಂಬುವ ಯಂತ್ರ. ಇದರಲ್ಲಿ ಮುಖ್ಯವಾಗಿ ಮೂರು ಬಗೆ. ಮೊದಲನೆಯದು ತುಂಬಬೇಕಾದುದನ್ನು ಅದುಮಿ ಚಿಕ್ಕದಾಗಿಸಿ ಕವರಿನೊಳಕ್ಕೆ ತಳ್ಳುತ್ತದೆ. ಎರಡನೆಯದು ಅದರೊಳಗಿನ ಗಾಳಿಯನ್ನು ಹೀರಿ ಕುಗ್ಗಿಸುತ್ತದೆ. ಮೂರನೆಯದು ಬಿಡಿ ನಾರನ್ನು ಗಾಳಿಯ ಜೊತೆ ಊದಿ ಕಳಿಸುತ್ತದೆ. ನೋಡಲು ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಕಂಡರೂ ಮೂರರ ಕೆಲಸವೂ ಕುಶನ್ನಿನಲ್ಲಿರುವ ಗಾಳಿಯನ್ನು ನಿಭಾಯಿಸುವುದೇ.

ಕುಶನ್ನಿನಲ್ಲಿ ಸಿಂಹಪಾಲು ಗಾಳಿಯದು. ಅಂಗಡಿಯಲ್ಲಿ ‘32 ಡೆನ್ಸಿಟಿ’ ಎಂದು ಕೊಡುವ ಫೋಮ್ ಒಂದು ಘನ ಮೀಟರಿಗೆ 32 ಕೆ.ಜಿ. ತೂಗುತ್ತದೆ. ಗುಳ್ಳೆಗಳಿಲ್ಲದ ಗಟ್ಟಿ ಪಾಲಿಯುರೆಥೇನ್ ಅಷ್ಟೇ ಗಾತ್ರಕ್ಕೆ ಸುಮಾರು 1,200 ಕೆ.ಜಿ. ತೂಗುತ್ತದೆ. ಅಂದರೆ ಫೋಮ್‌ನ ನೂರು ಪಾಲಿನಲ್ಲಿ 97 ಪಾಲು ಬರೀ ಗಾಳಿ. 24 ಇಂಚು ಉದ್ದ, ಅಷ್ಟೇ ಅಗಲ, 5 ಇಂಚು ದಪ್ಪದ ಸೋಫಾ ಸೀಟಿನ ಫೋಮ್ ಎತ್ತಿ ನೋಡಿದರೆ ಒಂದೂವರೆ ಕೆ.ಜಿ. ಅಷ್ಟೆ. ಹತ್ತಿ, ಪಾಲಿಯೆಸ್ಟರ್ ನಾರು, ಹಕ್ಕಿಗರಿಗಳ ಲೆಕ್ಕವೂ ಹೆಚ್ಚು ಕಡಿಮೆ ಇದೇ. ಕೂತವರಿಗೆ ಮೆತ್ತಗೆನಿಸಲು ಈ ಗಾಳಿ ಬೇಕು. ಕವರಿನೊಳಗೆ ತುಂಬುವ ಹೊತ್ತಿನಲ್ಲಿ ಅಡ್ಡ ಬರುವುದೂ ಇದೇ ಗಾಳಿ.

ಕೈಯಲ್ಲಿ ತುಂಬುವ ಕಷ್ಟ

ಕವರಿನ ಅಳತೆಗೆ ಸರಿಯಾಗಿ ಫೋಮ್ ಕತ್ತರಿಸಿದರೆ ಕುಶನ್ ಚೆನ್ನಾಗಿ ಕಾಣುವುದಿಲ್ಲ. ಬಟ್ಟೆ ಸಡಿಲಬಿದ್ದು ಕೆಲವೇ ದಿನಗಳಲ್ಲಿ ಸುಕ್ಕುಗಟ್ಟುತ್ತದೆ. ಆದ್ದರಿಂದ ಫೋಮನ್ನು ಕವರಿಗಿಂತ ಅರ್ಧ ಇಂಚಿನಿಂದ ಒಂದು ಇಂಚಿನಷ್ಟು ದೊಡ್ಡದಾಗಿ ಕತ್ತರಿಸುವುದು ರೂಢಿ. ಅದರ ಮೇಲೆ ಪಾಲಿಯೆಸ್ಟರ್ ನಾರಿನ ತೆಳು ಹಾಳೆ ಸುತ್ತಿದರೆ ನಡು ಭಾಗ ತುಸು ಉಬ್ಬಿ ಕುಶನ್ನಿಗೆ ಅಂದ ಬರುತ್ತದೆ. ಹೀಗೆ ದೊಡ್ಡದಾದ ವಸ್ತುವನ್ನು ಚಿಕ್ಕ ಚೀಲಕ್ಕೆ, ಅದೂ ಹಿಂಬದಿಯ ಝಿಪ್ಪಿನಷ್ಟೇ ಕಿರಿದಾದ ಬಾಯಿಂದ ತೂರಿಸಬೇಕು.

ಇಲ್ಲಿ ಎರಡು ತೊಡಕುಗಳಿವೆ. ಫೋಮನ್ನು ಮಡಚಿ ಅದುಮಿದರೂ ಕೈ ಸಡಿಲಾದ ಕೂಡಲೇ ಅದು ಮತ್ತೆ ಗಾಳಿ ಎಳೆದುಕೊಂಡು ಅರಳುತ್ತದೆ. ಜೊತೆಗೆ ಫೋಮ್‌ನ ಒರಟು ಮೈ ಬಟ್ಟೆಯ ಒಳಮೈಯನ್ನು ಹಿಡಿದುಕೊಂಡು ಜಾರಲು ಬಿಡುವುದಿಲ್ಲ. ರೆಗ್ಜಿನ್, ಚರ್ಮದ ಕವರುಗಳಲ್ಲಂತೂ ಈ ಹಿಡಿತ ಇನ್ನೂ ಬಿಗಿ. ಎಳೆದಾಡಿದರೆ ಝಿಪ್ ಕಿತ್ತುಬರುತ್ತದೆ, ಪೈಪಿಂಗ್ ಹೊಲಿಗೆ ಓರೆಯಾಗುತ್ತದೆ, ಮೂಲೆಗಳು ಪೊಳ್ಳಾಗಿ ಉಳಿಯುತ್ತವೆ. ಒಳ್ಳೆಯ ಕೆಲಸಗಾರರು ಝಿಪ್ಪನ್ನು ಹಿಂಬದಿಯಲ್ಲೇ ನಿಲ್ಲಿಸದೆ ಎರಡೂ ಮೂಲೆ ದಾಟಿಸಿ ಪಕ್ಕಕ್ಕೆ ನಾಲ್ಕಾರು ಇಂಚು ತರುವುದು ಬಾಯಿ ಅಗಲವಾಗಲಿ ಎಂದೇ. ಯಂತ್ರವಿದ್ದರೂ ಈ ಉಪಾಯ ಬಿಟ್ಟಿಲ್ಲ.

ಸ್ಪ್ರಿಂಗಿನ ಕಾಲ

ಯುರೋಪಿನ ಹಳೆಯ ಕುರ್ಚಿಗಳಲ್ಲಿ ತುಂಬುವ ಕೆಲಸ ಬೇರೆಯಾಗಿ ಇರಲಿಲ್ಲ. ಕುದುರೆ ಕೂದಲು, ಒಣಹುಲ್ಲು, ನಾರುಗಳನ್ನು ಕುರ್ಚಿಯ ಚೌಕಟ್ಟಿನ ಮೇಲೆಯೇ ಹರಡಿ, ಮೇಲೆ ಬಟ್ಟೆ ಎಳೆದು ಮೊಳೆ ಹೊಡೆಯುತ್ತಿದ್ದರು. 19ನೇ ಶತಮಾನದಲ್ಲಿ ಇದಕ್ಕೆ ಸ್ಪ್ರಿಂಗ್ ಸೇರಿತು. ವಿಯೆನ್ನಾದ ಗಾದಿ ಕೆಲಸಗಾರ ಗೇಯೋರ್ಗ್ ಯೂನಿಗ್ಲ್ 1822ರಲ್ಲಿ ಕಬ್ಬಿಣದ ಸ್ಪ್ರಿಂಗ್ ಇರುವ ಆಸನಕ್ಕೆ ಪೇಟೆಂಟ್ ಪಡೆದ. ಇಂಗ್ಲೆಂಡಿನ ಸ್ಯಾಮ್ಯುಯೆಲ್ ಪ್ರಾಟ್ 1826ರಲ್ಲಿ ಇಂಥದೇ ಆಸನಕ್ಕೆ ಪೇಟೆಂಟ್ ಪಡೆದ. ಹಡಗಿನ ಓಲಾಟದಿಂದ ಬರುವ ವಾಕರಿಕೆ ತಡೆಯುವುದು ಅವನ ಉದ್ದೇಶವಾಗಿತ್ತು. ಇವೆರಡರಲ್ಲೂ ಸ್ಪ್ರಿಂಗ್ ಇದ್ದದ್ದು ಆಸನದೊಳಗೆ. ಎತ್ತಿ ತೆಗೆಯುವ ಕುಶನ್ನಿನೊಳಗೆ ಅಲ್ಲ.

ಆ ಬದಲಾವಣೆಗೆ ದಾರಿಯಾದದ್ದು 1900ರ ಸುಮಾರಿಗೆ ಕೆನಡಾದ ಜೇಮ್ಸ್ ಮಾರ್ಷಲ್ ರೂಪಿಸಿದ ಜೇಬಿನ ಸ್ಪ್ರಿಂಗ್. ಒಂದೊಂದು ಸ್ಪ್ರಿಂಗನ್ನೂ ಪ್ರತ್ಯೇಕ ಬಟ್ಟೆಯ ಜೇಬಿನಲ್ಲಿಟ್ಟು ಸಾಲಾಗಿ ಹೊಲಿಯುವ ವಿಧಾನವದು. ಹಾಸಿಗೆಗೆಂದು ಬಂದ ಈ ಜೋಡಣೆ ಬಿಡಿ ಕುಶನ್ನುಗಳಿಗೂ ಹರಡಿತು. ಸ್ಪ್ರಿಂಗಿನ ಕಟ್ಟಿಗೆ ಸುತ್ತಲೂ ಹತ್ತಿಯ ಪದರ ಸುತ್ತಿ ಕವರಿನೊಳಗೆ ಕೂರಿಸಬೇಕಿತ್ತು. ಕೈಯಿಂದ ನೂಕಿದರೆ ಸ್ಪ್ರಿಂಗ್ ವಾಲುತ್ತಿತ್ತು, ಹತ್ತಿ ಸರಿದು ಗಂಟಾಗುತ್ತಿತ್ತು.

ಮೊದಲು ಸಿಕ್ಕ ಪರಿಹಾರ ತೆಳು ತಗಡು. ಅಂಚು ಬಾಗಿಸಿದ ಎರಡು ತಗಡುಗಳ ನಡುವೆ ಸ್ಪ್ರಿಂಗಿನ ಕಟ್ಟನ್ನಿಟ್ಟು, ಪಟ್ಟಿಯಿಂದ ಬಿಗಿದು, ಕವರನ್ನು ತಗಡಿನ ಮೇಲೆ ಜಾರಿಸುತ್ತಿದ್ದರು. ಕವರ್ ಪೂರ್ತಿ ಏರಿದ ಮೇಲೆ ತಗಡುಗಳನ್ನು ಒಂದೊಂದಾಗಿ ಹೊರಗೆಳೆದರೆ ಕಟ್ಟು ಒಳಗೇ ಅರಳಿ ಕೂರುತ್ತಿತ್ತು. ಅದುಮುವುದು ಮತ್ತು ಜಾರಿಸುವುದು, ಎರಡೂ ತೊಡಕಿಗೆ ಒಟ್ಟಿಗೇ ಉತ್ತರವಾದ ಈ ತಗಡಿಗೆ ಸನ್ನೆಕೋಲನ್ನೂ ತಳ್ಳುಹಲಗೆಯನ್ನೂ ಜೋಡಿಸಿದಾಗ ಅದೇ ಯಂತ್ರವಾಯಿತು.

ಅದುಮಿ ತಳ್ಳುವ ಪೆಟ್ಟಿಗೆ

ಈ ಯಂತ್ರವೆಂದರೆ ಮೇಜಿನೆತ್ತರಕ್ಕೆ ನಿಲ್ಲಿಸಿದ, ನುಣುಪಾದ ತಗಡಿನ ಪೆಟ್ಟಿಗೆ. ಅದರ ಮೇಲ್ಮುಚ್ಚಳವೂ ಪಕ್ಕದ ಗೋಡೆಗಳೂ ಒಳಕ್ಕೆ ಸರಿಯುತ್ತವೆ. ಕೆಲಸಗಾರ ಫೋಮನ್ನೋ ಸ್ಪ್ರಿಂಗಿನ ಕಟ್ಟನ್ನೋ ಒಳಗಿಟ್ಟು ಸನ್ನೆ ಎಳೆಯುತ್ತಾನೆ, ಇಲ್ಲವೇ ಪೆಡಲ್ ತುಳಿಯುತ್ತಾನೆ. ಗೋಡೆಗಳು ಸರಿದು ಒಳಗಿನದು ನಾಲ್ಕೂ ಕಡೆಯಿಂದ ಕುಗ್ಗುತ್ತದೆ. ಪೆಟ್ಟಿಗೆಯ ಮುಂದಿನ ಬಾಯಿ ಈಗ ಕವರಿನ ಬಾಯಿಗಿಂತ ಚಿಕ್ಕದು. ಅದರ ಮೇಲೆ ಕವರನ್ನು ಏರಿಸಿ, ಮೂಲೆಗೆ ಮೂಲೆ ಸರಿಹೊಂದಿಸುತ್ತಾನೆ. ಹಿಂದಿನಿಂದ ತಳ್ಳುಹಲಗೆ ಮುಂದೆ ಬರುತ್ತದೆ. ಫೋಮ್ ಕವರಿನ ತಳಕ್ಕೆ ಮುಟ್ಟಿದ ಮೇಲೆ, ಅದು ಹೊರಬರುತ್ತಾ ಹೋದಂತೆ ಕವರೂ ಪೆಟ್ಟಿಗೆಯ ಬಾಯಿಂದ ತಾನಾಗಿ ಜಾರುತ್ತದೆ. ಉಳಿಯುವುದು ಝಿಪ್ ಎಳೆಯುವುದಷ್ಟೆ.

ಚಿಕ್ಕ ಯಂತ್ರಗಳಲ್ಲಿ ಇದಕ್ಕೆ ತೋಳಿನ ಬಲವೇ ಸಾಕು. ಕಾರ್ಖಾನೆಗಳಲ್ಲಿ ಕಂಪ್ರೆಸರಿನ ಗಾಳಿಯಿಂದ ಓಡುವ ಸಿಲಿಂಡರುಗಳಿರುತ್ತವೆ. 10 ಸೆಂ.ಮೀ. ವ್ಯಾಸದ ಸಿಲಿಂಡರಿಗೆ 6 ಬಾರ್ ಒತ್ತಡದ ಗಾಳಿ ಬಿಟ್ಟರೆ ಸುಮಾರು 480 ಕೆ.ಜಿ. ಭಾರಕ್ಕೆ ಸಮನಾದ ಬಲ ಸಿಗುತ್ತದೆ. ಕುಶನ್ನಿನ ಅಳತೆ ಬದಲಾದಾಗ ಗೋಡೆಗಳ ಅಂತರವನ್ನು ಹೊಂದಿಸಿಕೊಳ್ಳಬೇಕು. ಒಂದೇ ಅಳತೆಯ ನೂರಾರು ಕುಶನ್ ಮಾಡುವ ಕಡೆ ಈ ಯಂತ್ರ ಲಾಭ ತರುತ್ತದೆ. ದಿನಕ್ಕೊಂದು ಆಕಾರದ ಸೋಫಾ ರಿಪೇರಿಗೆ ಬರುವ ಅಂಗಡಿಯಲ್ಲಿ ಹೊಂದಾಣಿಕೆಗೇ ಹೊತ್ತು ಹೋಗುತ್ತದೆ.

ಗಾಳಿ ಹೀರುವ ವಿಧಾನ

ಸ್ಪ್ರಿಂಗಿನ ಜಾಗಕ್ಕೆ ಫೋಮ್ ಬಂದಮೇಲೆ ಇನ್ನೊಂದು ದಾರಿ ತೆರೆಯಿತು. 1929ರಲ್ಲಿ ಬರ್ಮಿಂಗ್‌ಹ್ಯಾಮಿನ ಡನ್‌ಲಪ್ ಪ್ರಯೋಗಾಲಯದಲ್ಲಿ ರಬ್ಬರ್ ಹಾಲನ್ನು ನೊರೆಬರುವಂತೆ ಕಡೆದು ಲೇಟೆಕ್ಸ್ ಫೋಮ್ ಮಾಡಿದರು. ಜರ್ಮನಿಯಲ್ಲಿ ಓಟ್ಟೋ ಬಾಯರ್ ಮತ್ತು ಸಂಗಡಿಗರು 1937ರಲ್ಲಿ ಪಾಲಿಯುರೆಥೇನ್ ರಸಾಯನಕ್ಕೆ ಅಡಿಪಾಯ ಹಾಕಿದರು. ಅದರ ಮೆತ್ತನೆಯ ಫೋಮ್ 1950ರ ದಶಕದಲ್ಲಿ ಮಾರುಕಟ್ಟೆಗೆ ಬಂತು. ಇಂದು ನಮ್ಮ ಸೋಫಾಗಳಲ್ಲಿ ‘ಸ್ಪಂಜು’ ಎನಿಸಿಕೊಳ್ಳುವುದು ಹೆಚ್ಚಾಗಿ ಇದೇ.

ಈ ಫೋಮ್‌ನ ಗುಳ್ಳೆಗಳು ಮುಚ್ಚಿಕೊಂಡಿರುವುದಿಲ್ಲ, ಒಂದರಿಂದೊಂದಕ್ಕೆ ದಾರಿಯಿರುತ್ತದೆ. ಹಾಗಾಗಿ ಫೋಮನ್ನು ತೆಳು ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಚೀಲದ ಬಾಯಿಗೆ ವ್ಯಾಕ್ಯೂಮಿನ ಪೈಪ್ ಸಿಕ್ಕಿಸಿದರೆ ಒಳಗಿನ ಗಾಳಿ ಹೊರಬರುತ್ತದೆ. ಆಗ ಅದುಮುವ ಕೆಲಸವನ್ನು ಹೊರಗಿನ ವಾತಾವರಣವೇ ಮಾಡುತ್ತದೆ. ವಾತಾವರಣದ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 1 ಕೆ.ಜಿ. 60 ಸೆಂ.ಮೀ. ಚೌಕದ ಕುಶನ್ನಿನ ಮೇಲ್ಮೈ 3,600 ಚದರ ಸೆಂ.ಮೀ. ಒಳಗಿನ ಒತ್ತಡ ಐದರಲ್ಲೊಂದು ಪಾಲು ಇಳಿದರೂ ಸಾಕು, 700 ಕೆ.ಜಿ.ಗೂ ಮಿಕ್ಕಿದ ಭಾರ ಮೇಲೆ ಬಿದ್ದಂತೆ. ಯಾವ ಕೆಲಸಗಾರನ ತೋಳಿಗೂ ಆಗದ ಈ ಕೆಲಸವನ್ನು ಮನೆ ಗುಡಿಸುವ ಒಳ್ಳೆಯ ವ್ಯಾಕ್ಯೂಮ್ ಕ್ಲೀನರ್ ಅರೆ ನಿಮಿಷದಲ್ಲಿ ಮುಗಿಸಬಲ್ಲದು. ಫೋಮ್ ಅರ್ಧಕ್ಕೂ ಕಡಿಮೆ ದಪ್ಪಕ್ಕೆ ಇಳಿದು ಗಟ್ಟಿ ಹಲಗೆಯಾಗುತ್ತದೆ. ಜೊತೆಗೆ ಪ್ಲಾಸ್ಟಿಕ್ಕಿನ ನುಣುಪು ಮೈ ಬಟ್ಟೆಯನ್ನು ಹಿಡಿಯುವುದಿಲ್ಲವಾದ್ದರಿಂದ ಕವರ್ ಸಲೀಸಾಗಿ ಏರುತ್ತದೆ.

ಮೂಲೆಗಳು ಸರಿಯಾಗಿ ಕೂತಿವೆಯೇ ಎಂದು ನೋಡಿದ ಮೇಲೆಯೇ ಪೈಪ್ ತೆಗೆಯಬೇಕು. ಗಾಳಿ ಒಳನುಗ್ಗಿ ಫೋಮ್ ಅರಳುವಾಗ ಓರೆಯಾಗಿದ್ದರೆ ಮತ್ತೆ ತಿರುಗಿಸುವುದು ಕಷ್ಟ. ಚೀಲವನ್ನು ಹೊರಗೆಳೆದುಬಿಡಬೇಕು, ಅಥವಾ ಅಲ್ಲಲ್ಲಿ ಹರಿದು ತೂತು ಮಾಡಬೇಕು. ಹಾಗೇ ಬಿಟ್ಟರೆ ಕೂತಾಗ ಗಾಳಿ ಹೊರಹೋಗಲು ದಾರಿಯಿಲ್ಲದೆ ಕುಶನ್ ಬಲೂನಿನಂತೆ ಬಿಗಿಯುತ್ತದೆ, ಸರಬರ ಸದ್ದನ್ನೂ ಮಾಡುತ್ತದೆ.

ಈ ವಿಧಾನಕ್ಕೂ ಮಿತಿಯುಂಟು. ಗುಳ್ಳೆಗಳು ಮುಚ್ಚಿಕೊಂಡಿರುವ ಗಟ್ಟಿ ಶೀಟುಗಳಿಂದ ಗಾಳಿ ಹೊರಬರುವುದಿಲ್ಲ, ಆದ್ದರಿಂದ ಅವು ಕುಗ್ಗುವುದಿಲ್ಲ. ಚೂರು ಫೋಮ್ ಅಂಟಿಸಿ ಮಾಡಿದ ರೀಬಾಂಡೆಡ್ ಹಲಗೆ ಸಾಂದ್ರವಾದ್ದರಿಂದ ಕುಗ್ಗುವುದು ಕಡಿಮೆ. ಒಳ್ಳೆಯ ಫೋಮನ್ನೂ ಕುಗ್ಗಿಸಿದ ಸ್ಥಿತಿಯಲ್ಲಿ ಬಹಳ ಕಾಲ ಇಟ್ಟರೆ ಅದು ಪೂರ್ತಿ ಮೊದಲಿನ ದಪ್ಪಕ್ಕೆ ಮರಳುವುದಿಲ್ಲ.

ಊದಿ ತುಂಬುವ ಯಂತ್ರ

ಒರಗುದಿಂಬು, ಸೋಫಾದ ಬೆನ್ನಿನ ಕುಶನ್‌ಗಳಿಗೆ ಹೆಚ್ಚಾಗಿ ಬಿಡಿ ನಾರು ತುಂಬುತ್ತಾರೆ. ಇಲ್ಲಿನ ಸಮಸ್ಯೆ ಫೋಮಿನದಕ್ಕೆ ತಿರುಗುಮುರುಗು. ಮೂಟೆಯಲ್ಲಿ ಅದುಮಿ ಬಂದ ನಾರಿನೊಳಗೆ ಗಾಳಿ ಸಾಲದು. ಮೊದಲು ಅದನ್ನು ಬಿಡಿಸಿ ಗಾಳಿ ಸೇರಿಸಬೇಕು.

ಕರ್ನಾಟಕದಲ್ಲಿ ಈ ಕೆಲಸಕ್ಕೆ ಹಳೆಯ ಪರಂಪರೆಯಿದೆ. ಅರಳೆ ಹಿಂಜಿ ಹಾಸಿಗೆ, ದಿಂಬು ಹೊಲಿಯುವುದು ಪಿಂಜಾರ ಅಥವಾ ನದಾಫ್ ಸಮುದಾಯದವರ ಕುಲಕಸುಬು. ಅವರ ಸಾಧನ ಉದ್ದನೆಯ ಮರದ ಬಿಲ್ಲು. ಅದರ ಬಿಗಿದ ನರದ ಹುರಿಯನ್ನು ಅರಳೆಯ ರಾಶಿಗೆ ತಾಗಿಸಿ ಮರದ ಹಿಡಿಯಿಂದ ಮೀಟಿದರೆ ಹುರಿ ಅದುರಿ, ಗಂಟುಗಟ್ಟಿದ ಹತ್ತಿಯನ್ನು ಎಳೆ ಎಳೆಯಾಗಿ ಬಿಡಿಸಿ ಎಸೆಯುತ್ತದೆ. ಧೂಳು, ಬೀಜದ ಚೂರು ಕೆಳಗುದುರುತ್ತವೆ. ವರ್ಷಗಟ್ಟಲೆ ಮಲಗಿ ಚಪ್ಪಟೆಯಾದ ಹಾಸಿಗೆಯನ್ನು ಬಿಚ್ಚಿ ಹಿಂಜಿಸಿದರೆ ಅದೇ ಅರಳೆ ಮತ್ತೆ ಉಬ್ಬುವುದು ಇದರಿಂದಲೇ. ಬಿಲ್ಲಿನ ಕೆಲಸವನ್ನು ಈಗ ಬಹುಮಟ್ಟಿಗೆ ವಿದ್ಯುತ್ ಯಂತ್ರ ಮಾಡುತ್ತದೆ: ಉಕ್ಕಿನ ಮುಳ್ಳುಗಳಿರುವ ಉರುಳೆ ವೇಗವಾಗಿ ತಿರುಗುತ್ತಾ ಹತ್ತಿಯನ್ನು ಹರಿದು ಬಿಡಿಸುತ್ತದೆ.

ಕುಶನ್ ಕಾರ್ಖಾನೆಯ ಊದುವ ಯಂತ್ರದ ಮೊದಲ ಭಾಗವೂ ಇಂಥದೇ ಮುಳ್ಳಿನ ಉರುಳೆ. ಆದರೆ ಅದರೊಳಗೆ ಹೋಗುವುದು ಹೆಚ್ಚಾಗಿ ಪಾಲಿಯೆಸ್ಟರ್. ಕುಶನ್ ವರ್ಕ್ಸ್‌ಗಳಲ್ಲಿ ಒಂದು ಬ್ರ್ಯಾಂಡಿನ ಹೆಸರೇ ಬಳಕೆಗೆ ಬಂದು ‘ರೆಕ್ರಾನ್’ ಎನಿಸಿಕೊಂಡಿರುವ ನಾರು. 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ರೂಪಿಸಿದ ಪಾಲಿಯೆಸ್ಟರ್ ಎಳೆಯನ್ನು ದಿಂಬಿಗೆಂದು ಒಳಗೆ ಟೊಳ್ಳಾಗಿ, ಸುರುಳಿಯಾಗಿ ತಯಾರಿಸುತ್ತಾರೆ. ಮೇಲೆ ಸಿಲಿಕೋನ್ ಲೇಪವಿದ್ದರೆ ಎಳೆಗಳು ಒಂದರ ಮೇಲೊಂದು ಜಾರುತ್ತವೆ, ಗಂಟಾಗುವುದು ಕಡಿಮೆ.

ಉರುಳೆಯಿಂದ ಬಿಡಿಯಾಗಿ ಬಂದ ನಾರನ್ನು ಫ್ಯಾನ್ ಪೈಪಿನ ಮೂಲಕ ಒಂದು ಕೊಳವೆಬಾಯಿಗೆ ಅಟ್ಟುತ್ತದೆ. ಕೆಲಸಗಾರರು ಒಳಕವರನ್ನು ಆ ಬಾಯಿಗೆ ಏರಿಸಿ ಪೆಡಲ್ ಒತ್ತುತ್ತಾರೆ. ಗಾಳಿ ಬಟ್ಟೆಯ ನೇಯ್ಗೆಯಿಂದ ಸೋಸಿ ಹೊರಹೋಗಿ ನಾರು ಒಳಗೆ ಉಳಿಯುತ್ತದೆ. ಮೊದಲು ದೂರದ ಎರಡು ಮೂಲೆ, ಆಮೇಲೆ ನಡು, ಕೊನೆಗೆ ಬಾಯಿಯ ಕಡೆಯ ಮೂಲೆಗಳು ತುಂಬುವಂತೆ ಕವರನ್ನು ತಿರುಗಿಸುತ್ತಾ ಹೋಗಬೇಕು. ನಡುವನ್ನೇ ಮೊದಲು ತುಂಬಿದರೆ ಮೂಲೆಗಳು ಜೋತುಬೀಳುತ್ತವೆ. ಅಳತೆ ಕಣ್ಣಂದಾಜಿನಲ್ಲಿ ನಿಲ್ಲುವುದಿಲ್ಲ, ತೂಕದ ಮೇಲೆ ನಿಲ್ಲುತ್ತದೆ. 16 ಇಂಚು ಚೌಕದ ದಿಂಬಿಗೆ ಬೇಕಾದ ಗಡಸುತನಕ್ಕೆ ತಕ್ಕಂತೆ 300ರಿಂದ 500 ಗ್ರಾಂ ನಾರು ಹಿಡಿಯುತ್ತದೆ. ಹೊಸದಾಗಿ ಊದಿದ ನಾರು ಗಾಳಿಯಿಂದ ಉಬ್ಬಿ ಹೆಚ್ಚಾಗಿಯೇ ಕಾಣುವುದರಿಂದ ತಕ್ಕಡಿ ನೋಡದೆ ನಿಲ್ಲಿಸಿದರೆ ಕುಶನ್ ಬೇಗ ಚಪ್ಪಟೆಯಾಗುತ್ತದೆ. ಹವೆ ಒಣಗಿರುವಾಗ ಪಾಲಿಯೆಸ್ಟರ್ ಉಜ್ಜಾಟದಿಂದ ವಿದ್ಯುದಾವೇಶ ಪಡೆದು ಪೈಪಿನ ಗೋಡೆಗೆ ಅಂಟಿಕೊಳ್ಳುವುದುಂಟು. ಯಂತ್ರಕ್ಕೆ ಅರ್ಥಿಂಗ್ ಕೊಡುವುದು, ಕೋಣೆಯಲ್ಲಿ ತುಸು ತೇವವಿರುವಂತೆ ನೋಡಿಕೊಳ್ಳುವುದು ಇದಕ್ಕೆ ಮದ್ದು.

ಎಚ್ಚರಿಕೆ ಮತ್ತು ಆಯ್ಕೆ

ಮೂರರಲ್ಲಿ ಹೆಚ್ಚು ಅಪಾಯವಿರುವುದು ಮುಳ್ಳಿನ ಉರುಳೆಯಲ್ಲಿ. ನಾರು ಸಿಕ್ಕಿಕೊಂಡಾಗ ಯಂತ್ರ ಓಡುತ್ತಿರುವಂತೆಯೇ ಕೈ ಹಾಕಿದರೆ ಬೆರಳು ಹೋಗುತ್ತದೆ. ಮುಚ್ಚಳ ತೆರೆದ ಕೂಡಲೇ ಮೋಟಾರ್ ನಿಲ್ಲುವ ಸ್ವಿಚ್ ಇರಬೇಕು. ಹಳೆಯ ಹತ್ತಿಯಲ್ಲಿ ಸೂಜಿ, ಮೊಳೆ ಉಳಿದಿದ್ದರೆ ಮುಳ್ಳಿಗೆ ತಾಗಿ ಕಿಡಿ ಹಾರಿ ಬೆಂಕಿ ಹತ್ತಬಹುದು. ನಾರು ಹಾಕುವ ಕಡೆ ಅಯಸ್ಕಾಂತ ಇಡುವುದು ಇದಕ್ಕಾಗಿ. ಹತ್ತಿಯ ಧೂಳನ್ನು ವರ್ಷಗಟ್ಟಲೆ ಉಸಿರಾಡಿದವರಿಗೆ ಬಿಸಿನೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಬರುತ್ತದೆ, ಹಾಗಾಗಿ ಧೂಳು ಹೀರುವ ಫ್ಯಾನೂ ಮುಖಗವಸೂ ಬೇಕೇ ಬೇಕು. ಅದುಮುವ ಪೆಟ್ಟಿಗೆಯಲ್ಲಿ ಎರಡೂ ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಓಡುವ ಜೋಡಿ ಗುಂಡಿಗಳಿದ್ದರೆ ಕೈ ನಡುವೆ ಸಿಕ್ಕುವ ಭಯವಿಲ್ಲ.

ಯಾವ ಯಂತ್ರ ಬೇಕೆಂಬುದು ತುಂಬುವ ವಸ್ತುವಿನ ಮೇಲೆ ನಿಲ್ಲುತ್ತದೆ. ಸ್ಪ್ರಿಂಗ್ ಕಟ್ಟಿಗೂ ಒಂದೇ ಅಳತೆಯ ಹೆಚ್ಚು ಕುಶನ್‌ಗಳಿಗೂ ಅದುಮುವ ಪೆಟ್ಟಿಗೆ ಸರಿ. ಬಗೆಬಗೆಯ ಆಕಾರದ ಫೋಮ್ ಸೀಟುಗಳಿಗೆ ವ್ಯಾಕ್ಯೂಮ್ ವಿಧಾನ ಅಗ್ಗ; ಒಂಟಿ ಕೆಲಸಗಾರನ ಅಂಗಡಿಗೂ ಎಟಕುತ್ತದೆ. ಬಿಡಿ ನಾರಿಗೆ ಊದುವ ಯಂತ್ರವೇ ಆಗಬೇಕು. ಆದರೆ ಮೂರರಲ್ಲಿ ಯಾವುದೂ ಕತ್ತರಿಯ ತಪ್ಪನ್ನು ತಿದ್ದಲಾರದು. ಫೋಮ್ ಕವರಿಗಿಂತ ಚಿಕ್ಕದಾಗಿದ್ದರೆ ಯಂತ್ರ ಅದನ್ನು ಬೇಗ ಒಳಗೆ ಸೇರಿಸೀತು, ಸುಕ್ಕು ಮಾತ್ರ ಉಳಿದೇ ಇರುತ್ತದೆ.