ಕಿಸೆಯ ಚಾಕು: ಕೀಲಿನ ಮೇಲೆ ಎಷ್ಟು ಭಾರ?

ಜಮಖಂಡಿ, ಮುಧೋಳ ಕಡೆ ಕಬ್ಬಿನ ಹೊಲಕ್ಕೆ ಹೊರಟವರ ಕೈಯಲ್ಲಿ ಕುಡಗೋಲು ಇದ್ದೇ ಇರುತ್ತದೆ. ಕೆಲವರ ಕಿಸೆಯಲ್ಲಿ ಮಡಚುವ ಚಾಕುವೂ ಇರುತ್ತದೆ. ಗೊಬ್ಬರದ ಚೀಲ ಬಿಚ್ಚಲು, ಹಗ್ಗ ಕತ್ತರಿಸಲು ಅದು ಅನುಕೂಲ. ಇಂಥ ಚಾಕುವನ್ನು ಕೊಳ್ಳುವಾಗ ಏನನ್ನು ಗಮನಿಸಬೇಕು?

ಕೆಲವು ವರ್ಷಗಳ ಹಿಂದೆ ನಾನೇ ಒಂದು ತಪ್ಪು ಮಾಡಿದೆ. ಹನಿ ನೀರಾವರಿಯ ಪೈಪಿಗೆ ತೂತು ಮಾಡಲೆಂದು ಮಡಚುವ ಚಾಕುವಿನ ಮೊನೆಯನ್ನು ಒತ್ತಿದೆ. ಅಲಗು ಥಟ್ಟನೆ ಮಡಚಿಕೊಂಡು ತೋರುಬೆರಳನ್ನು ಕೊಯ್ದಿತು. ಮೂರು ಹೊಲಿಗೆ ಬಿದ್ದವು. ಸನ್ನೆಯ ನಿಯಮವನ್ನು ವರ್ಷವರ್ಷವೂ ಪಾಠ ಮಾಡುವವನಿಗೆ ಇದು ಮೊದಲೇ ಹೊಳೆಯಬೇಕಿತ್ತು!

ಕುಡಗೋಲಿನ ಅಲಗಿನ ಬುಡ ಹಿಡಿಯೊಳಗೆ ಆಳವಾಗಿ ಸೇರಿರುತ್ತದೆ. ಅಲಗಿನ ಮೇಲೆ ಬಿದ್ದ ಬಲ ಹಿಡಿಯ ಉದ್ದಕ್ಕೂ ಹಂಚಿಹೋಗುತ್ತದೆ. ಮಡಚುವ ಚಾಕುವಿನಲ್ಲಿ ಅಲಗನ್ನು ಹಿಡಿಗೆ ಜೋಡಿಸುವುದು ಒಂದು ಸಣ್ಣ ಕೀಲು. ಅಲಗು ಮಡಚಿಕೊಳ್ಳದಂತೆ ತಡೆಯುವುದು ಅದರ ಪಕ್ಕದ ಲಾಕ್.

ಒಂದು ಲೆಕ್ಕ ಮಾಡೋಣ. ಕೀಲಿನಿಂದ 8 ಸೆಂ.ಮೀ. ದೂರದಲ್ಲಿ, ಅಲಗನ್ನು ಮಡಚುವ ದಿಕ್ಕಿನಲ್ಲಿ 50 ನ್ಯೂಟನ್ ಬಲ ಬಿದ್ದಿತೆನ್ನಿ. ಇದು ಸುಮಾರು 5 ಕಿ.ಗ್ರಾಂ. ತೂಕಕ್ಕೆ ಸಮ. ಲಾಕ್ ಆನಿಕೊಂಡಿರುವ ಜಾಗ ಕೀಲಿನಿಂದ ಕೇವಲ 8 ಮಿ.ಮೀ. ದೂರದಲ್ಲಿದ್ದರೆ, ದೂರ ಹತ್ತು ಪಟ್ಟು ಕಡಿಮೆಯಾದ್ದರಿಂದ ಬಲ ಹತ್ತು ಪಟ್ಟು ಹೆಚ್ಚಬೇಕು. ಎಂದರೆ 500 ನ್ಯೂಟನ್, ಸುಮಾರು ಒಂದು ಸಿಮೆಂಟ್ ಚೀಲದ ಭಾರ! ಅದನ್ನು ಹೊರಬೇಕಾದದ್ದು ಉಗುರಿನಷ್ಟೂ ಅಗಲವಿಲ್ಲದ ಲೋಹದ ತುದಿ.

ಹಾಗಾದರೆ ದಿನನಿತ್ಯ ಚಾಕು ಮಡಚಿಕೊಳ್ಳುವುದಿಲ್ಲವೇಕೆ? ಹಗ್ಗ ಕೊಯ್ಯುವಾಗ ಹಗ್ಗದ ಪ್ರತಿಬಲ ಅಲಗಿನ ಬಾಯಿಯ ಮೇಲೆ ಬೀಳುತ್ತದೆ. ಅದು ಅಲಗನ್ನು ಇನ್ನಷ್ಟು ತೆರೆಯಲು ನೋಡುತ್ತದೆಯೇ ಹೊರತು ಮಡಚುವುದಿಲ್ಲ. ಮೊನೆಯಿಂದ ಚುಚ್ಚಿದಾಗ, ಸಿಕ್ಕಿಕೊಂಡ ಅಲಗನ್ನು ಅಲುಗಾಡಿಸಿ ಕೀಳುವಾಗ ಅಥವಾ ಅಲಗಿನ ಬೆನ್ನಿಗೆ ಬಡಿದಾಗ ಮಾತ್ರ ಬಲದ ದಿಕ್ಕು ಬದಲಾಗಬಹುದು. ಲಾಕ್‌ಗೆ ನಿಜವಾದ ಪರೀಕ್ಷೆ ಆಗಲೇ. ವರ್ಷಗಟ್ಟಲೆ ಸರಿಯಾಗಿದ್ದ ಚಾಕು ಒಂದು ದಿನ ಕೈಕೊಡುವುದು ಹೀಗೆ.

ಮಡಚುವ ಚಾಕುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದರಲ್ಲಿ ಲಾಕ್ ಇರುವುದಿಲ್ಲ, ಸ್ಪ್ರಿಂಗಿನ ಒತ್ತಡವಷ್ಟೇ ಅಲಗನ್ನು ತಡೆಯುತ್ತದೆ. ನನ್ನ ಬೆರಳು ಕೊಯ್ದದ್ದು ಈ ಬಗೆಯದು. ಎರಡನೆಯದರಲ್ಲಿ ಲಾಕ್ ಇರುತ್ತದೆ. ಹಿಡಿಯ ಬೆನ್ನಿನಲ್ಲಿರುವ ಸನ್ನೆ ಅಲಗಿನ ಬುಡದ ಕಚ್ಚಿನಲ್ಲಿ ಕೂರಬಹುದು, ಇಲ್ಲವೇ ಹಿಡಿಯೊಳಗಿನ ತಗಡು ಸರಿದು ಅಲಗಿನ ಬುಡಕ್ಕೆ ಆನಿಕೊಳ್ಳಬಹುದು. ಫ್ರಾನ್ಸಿನ ಒಪಿನೆಲ್ ಚಾಕುವಿಗೆ 1955ರಲ್ಲಿ ಅಳವಡಿಸಿದ ತಿರುಗುವ ಉಂಗುರವೂ ಇದೇ ಕೆಲಸ ಮಾಡುತ್ತದೆ. ಹೊಲಕ್ಕೆ ಒಯ್ಯಲು ಲಾಕ್ ಇರುವುದೇ ಮೇಲು.

ಅಂಗಡಿಯಲ್ಲಿ ಅಲಗನ್ನು ಪೂರ್ತಿ ತೆರೆದು ಅಕ್ಕಪಕ್ಕ ಅಲುಗಾಡಿಸಿ ನೋಡಿ. ಸಡಿಲವಿದ್ದರೆ ಬೇಡ. ಬೆರಳುಗಳು ಅಲಗಿನ ಹಾದಿಯಲ್ಲಿ ಇರದಂತೆ ಹಿಡಿದು, ಅಲಗಿನ ಬೆನ್ನನ್ನು ಮೆಲ್ಲಗೆ ಒತ್ತಿ. ಲಾಕ್ ಜಾರಬಾರದು. ಅಲಗು 7-8 ಸೆಂ.ಮೀ. ಉದ್ದವಿದ್ದರೆ ಸಾಕು. ಉದ್ದ ಹೆಚ್ಚಿದಂತೆ ಕೀಲಿನ ಮೇಲಿನ ಹೊರೆಯೂ ಹೆಚ್ಚುತ್ತದೆ. ಅಲಗಿನ ಬಿಗುವು ಅದರ ದಪ್ಪದ ಘನಕ್ಕೆ ಅನುಪಾತದಲ್ಲಿರುತ್ತದೆ. 2 ಮಿ.ಮೀ. ಅಲಗಿಗಿಂತ 3 ಮಿ.ಮೀ. ಅಲಗು ಪಕ್ಕಕ್ಕೆ ಬಾಗಲು ಮೂರು ಪಟ್ಟಿಗೂ ಮಿಕ್ಕಿ ಬಲ ಬೇಡುತ್ತದೆ. ಆದರೆ ಅಲಗು ದಪ್ಪವಾದಷ್ಟೂ ಕೊಯ್ಯುವುದು ಕಷ್ಟ.

ಕಬ್ಬಿನ ರಸ ಸ್ವಲ್ಪ ಆಮ್ಲೀಯ. ಸಾದಾ ಉಕ್ಕಿಗೆ ಬೇಗ ತುಕ್ಕು ಹಿಡಿಯುತ್ತದೆ. ಕ್ರೋಮಿಯಮ್ ಬೆರೆತ ಸ್ಟೇನ್‌ಲೆಸ್ ಉಕ್ಕು ಹೆಚ್ಚು ತಾಳುತ್ತದೆ. ರಸ ಒಣಗಿ ಎರೆಮಣ್ಣಿನೊಂದಿಗೆ ಕೀಲಿನಲ್ಲಿ ಅಂಟಿಕೊಂಡರೆ ಲಾಕ್ ಪೂರ್ತಿ ಕೂರುವುದಿಲ್ಲ. ಕಣ್ಣಿಗೆ ಕೂತಂತೆ ಕಂಡರೂ ಅದು ಜಾರಬಹುದು. ಆದ್ದರಿಂದ ಕೆಲಸ ಮುಗಿದ ಮೇಲೆ ಬಿಸಿನೀರಿನಲ್ಲಿ ತೊಳೆದು, ಒರೆಸಿ ಒಣಗಿಸಿ, ಕೀಲಿಗೆ ಒಂದು ಹನಿ ಎಣ್ಣೆ ಬಿಡಿ.

ಎಷ್ಟೇ ಒಳ್ಳೆಯ ಲಾಕ್ ಇದ್ದರೂ ಮಡಚುವ ಚಾಕು ಕುಡಗೋಲಿಗೆ ಬದಲಿ ಅಲ್ಲ, ಜೊತೆಗಾರ ಮಾತ್ರ. ಕಡಿಯಲು, ಬಡಿಯಲು ಕುಡಗೋಲು ಇರಲಿ. ಕೊಯ್ಯಲು ಚಾಕು ಇರಲಿ. ಮೀಟುವುದಕ್ಕೆ ಎರಡೂ ಬೇಡ, ಅದಕ್ಕೆ ಹಾರೆ ಇದೆ. ಪೈಪಿಗೆ ತೂತು ಮಾಡಲು ಅದರದೇ ಪಂಚ್ ಅಂಗಡಿಯಲ್ಲಿ ಸಿಗುತ್ತದೆ. ನಾನು ಅದನ್ನು ಕೊಂಡದ್ದು ಹೊಲಿಗೆ ಬಿಚ್ಚಿಸಿದ ಮೇಲೆ!