ಕುಂಕುಮ ಭರಣಿಯಿಂದ ಉಂಗುರದ ಕರಡಿಗೆಯವರೆಗೆ: ಚನ್ನಪಟ್ಟಣದ ಕಡಸಲು ಕಸುಬು

ಕನ್ನಡ ಜಾನಪದ ಅಧ್ಯಯನವು ತನ್ನ ಆರಂಭದ ದಶಕಗಳಲ್ಲಿ ಹಾಡು, ಕತೆ, ಗಾದೆ, ಒಗಟುಗಳ ಸಂಗ್ರಹಕ್ಕೆ ಹೆಚ್ಚಿನ ಗಮನ ನೀಡಿತು. ಕಂಠದಲ್ಲಿ ಉಳಿದದ್ದು ಕಂಠದೊಡನೆ ಅಳಿಯುವುದೆಂಬ ಆತಂಕ ಅದಕ್ಕೆ ಕಾರಣವಾಗಿತ್ತು. ಕೈಯಲ್ಲಿ ಉಳಿದ ವಿದ್ಯೆಗೂ ಇದೇ ಮಾತು ಅನ್ವಯಿಸುತ್ತದೆ. ಆದರೆ ಭೌತಿಕ ಸಂಸ್ಕೃತಿಯ ಕುರಿತ ನಮ್ಮ ಕೆಲಸ ಬಹುಮಟ್ಟಿಗೆ ಸಿದ್ಧವಸ್ತುಗಳನ್ನು ಕೂಡಿಡುವುದಕ್ಕೆ ಸೀಮಿತವಾಗಿದೆ. ವಸ್ತುವು ಸಿದ್ಧಗೊಳ್ಳುವ ಕ್ರಮ, ಆ ಕ್ರಮವನ್ನು ನಡೆಸುವ ಅಳತೆ, ಆ ಅಳತೆಯನ್ನು ಹೊತ್ತ ಪದಗಳು ದಾಖಲೆಯಿಂದ ಹೊರಗೆ ಉಳಿದಿವೆ. ಮದುವೆಯ ಉಂಗುರಗಳನ್ನು ಇರಿಸುವ ಅಂಗೈಯಗಲದ ಒಂದು ಮರದ ಕರಡಿಗೆಯನ್ನು ಆಧಾರವಾಗಿಟ್ಟುಕೊಂಡು ಈ ಕೊರತೆಯನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ತಟ್ಟೆ ಮತ್ತು ಕರಡಿಗೆ

ಕರ್ನಾಟಕದ ಮದುವೆಗಳಲ್ಲಿ ಉಂಗುರಕ್ಕೆ ಹಲವು ನೆಲೆಗಳಿವೆ. ಅನೇಕ ಸಮುದಾಯಗಳಲ್ಲಿ ಧಾರೆಯ ಸಂದರ್ಭದಲ್ಲಿ ವಧುವಿಗೆ ತೊಡಿಸುವ ಬೆಳ್ಳಿಯ ಕಾಲುಂಗುರವು ಮುತ್ತೈದೆತನದ ಗುರುತು. ಮದುವೆಯ ನಂತರ ನೀರಿನ ಪಾತ್ರೆಯಲ್ಲಿ ಉಂಗುರ ಹಾಕಿ ವಧೂವರರಿಂದ ಹುಡುಕಿಸುವ ಆಟ ವಿನೋದದ ಶಾಸ್ತ್ರ. ನಿಶ್ಚಿತಾರ್ಥದಲ್ಲಿ ಕೈಬೆರಳಿನ ಉಂಗುರ ಬದಲಾಯಿಸುವ ರೂಢಿ ಈಗ ವ್ಯಾಪಕವಾಗಿದೆ. ಕ್ರೈಸ್ತರ ವಿವಾಹದಲ್ಲಿಯಂತೂ ಉಂಗುರವೇ ವಿಧಿಯ ಕೇಂದ್ರ.

ಶಾಸ್ತ್ರದ ವಸ್ತುವನ್ನು ಧರಿಸುವ ಮುನ್ನ ಅದು ಎಲ್ಲಿರುತ್ತದೆ ಎಂಬುದು ಗಮನಿಸಬೇಕಾದ ಅಂಶ. ತಾಳಿಯನ್ನು ತಟ್ಟೆಯಲ್ಲಿ ತೆಂಗಿನಕಾಯಿ, ಅಕ್ಷತೆಗಳೊಡನೆ ಇರಿಸಿ ಹಿರಿಯರ ಮುಂದೆ ಒಯ್ಯುತ್ತಾರೆ. ನೆರೆದವರು ಅದನ್ನು ಮುಟ್ಟಿ ಹರಸುತ್ತಾರೆ. ತಟ್ಟೆ ತೆರೆದ ಪಾತ್ರೆ. ಎಲ್ಲರ ಕಣ್ಣಿಗೂ ಕೈಗೂ ದೊರೆಯುವುದು ಅದರ ಧರ್ಮ. ಕರಡಿಗೆ ಮುಚ್ಚಿದ ಪಾತ್ರೆ. ತೆರೆಯುವ ಹಕ್ಕುಳ್ಳವರಿಗಾಗಿ ಕಾಯುವುದು ಅದರ ಧರ್ಮ. ವೀರಶೈವರಲ್ಲಿ ಇಷ್ಟಲಿಂಗವನ್ನು ಇರಿಸುವ ಸಂಪುಟಕ್ಕೂ ಕರಡಿಗೆಯೆಂದೇ ಹೆಸರಿರುವುದು ಈ ಹಿನ್ನೆಲೆಯಲ್ಲಿ ಅರ್ಥಪೂರ್ಣ. ಮದುವೆಯ ಸಾಮಗ್ರಿಗಳ ನಡುವೆ ಇಂಥ ಮುಚ್ಚಿದ ಮರದ ಪಾತ್ರೆಯೊಂದು ಮೊದಲಿನಿಂದಲೂ ಇತ್ತು. ಅದು ಕುಂಕುಮದ ಭರಣಿ. ಚನ್ನಪಟ್ಟಣದ ಕುಶಲಕರ್ಮಿಯ ದೃಷ್ಟಿಯಿಂದ ಉಂಗುರದ ಕರಡಿಗೆಯೆಂದರೆ ಬಾಯಿ ಅಗಲವಾದ, ಎತ್ತರ ತಗ್ಗಿದ ಭರಣಿಯೇ. ಬಳಕೆ ಹೊಸದು, ರಚನೆ ಹಳೆಯದು.

ಊರು, ಐತಿಹ್ಯ, ಪದ

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಬೆಂಗಳೂರಿನಿಂದ ಸುಮಾರು 60 ಕಿ.ಮೀ. ದೂರದಲ್ಲಿರುವ ಚನ್ನಪಟ್ಟಣವು ಬಹುಕಾಲದಿಂದ ಕಸುಬುದಾರರ ಪಟ್ಟಣ. ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ಇಲ್ಲಿನ ಅರಗಿನ ಸಾಮಾನು ಮತ್ತು ಆಟಿಕೆಗಳ ಜೊತೆಗೆ ವಾದ್ಯಗಳಿಗೆ ಬಳಸುವ ಉಕ್ಕಿನ ತಂತಿ ಹಾಗೂ ಗಾಜಿನ ಬಳೆಗಳನ್ನೂ ಹೆಸರಿಸುತ್ತದೆ. ಟಿಪ್ಪು ಸುಲ್ತಾನನು ಪರ್ಶಿಯಾದಿಂದ ಕುಶಲಕರ್ಮಿಗಳನ್ನು ಕರೆಸಿ ಈ ವಿದ್ಯೆಯನ್ನು ಸ್ಥಳೀಯರಿಗೆ ಕಲಿಸಿದನೆಂಬ ಐತಿಹ್ಯ ಪ್ರಚಲಿತವಾಗಿದೆ. ಐತಿಹ್ಯವನ್ನು ಚರಿತ್ರೆಯ ಪ್ರಮಾಣವೆಂದು ಸ್ವೀಕರಿಸಬೇಕಾಗಿಲ್ಲ, ತಳ್ಳಿಹಾಕಬೇಕಾಗಿಯೂ ಇಲ್ಲ. ಒಂದು ಕಸುಬು ತನ್ನ ಮೂಲವನ್ನು ಯಾವ ಆಶ್ರಯದೊಡನೆ ಗುರುತಿಸಿಕೊಳ್ಳಲು ಬಯಸುತ್ತದೆ ಎಂಬುದನ್ನು ಅದು ತಿಳಿಸುತ್ತದೆ.

ಪದಗಳು ಬೇರೊಂದು ಸಾಕ್ಷ್ಯವನ್ನು ಒದಗಿಸುತ್ತವೆ. ಇಲ್ಲಿನ ಕುಶಲಕರ್ಮಿಗಳಲ್ಲಿ ಉರ್ದು ಮಾತನಾಡುವ ಮುಸ್ಲಿಮರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಆ ಭಾಷೆಯಲ್ಲಿ ಮರವನ್ನು ತಿರುಗಿಸಿ ಕೊರೆಯುವ ಯಂತ್ರಕ್ಕೆ ‘ಖರಾದ್’ ಎಂದೂ ಅದನ್ನು ನಡೆಸುವವನಿಗೆ ‘ಖರಾದಿ’ ಎಂದೂ ಹೆಸರು. ಕನ್ನಡದಲ್ಲಿ ಇದೇ ಕೆಲಸಕ್ಕೆ ‘ಕಡೆ’ ಎಂಬ ದೇಶ್ಯ ಧಾತುವಿದೆ. ‘ಕಡಸಲು’ ಅದರಿಂದಲೇ ಬಂದ ಪದ. ಮಜ್ಜಿಗೆ ಕಡೆಯುವುದಕ್ಕೂ ಮರವನ್ನು ಕಡೆಯುವುದಕ್ಕೂ ಧಾತು ಒಂದೇ. ತಮಿಳಿನಲ್ಲಿಯೂ ಈ ಎರಡು ಅರ್ಥಗಳು ಒಂದೇ ಧಾತುವಿನಲ್ಲಿ ಕೂಡಿವೆ. ಇದು ಬರಿಯ ಸಾದೃಶ್ಯವಲ್ಲ. ಕಡೆಗೋಲಿಗೆ ಸುತ್ತಿದ ಹಗ್ಗವನ್ನು ಹಿಂದಕ್ಕೂ ಮುಂದಕ್ಕೂ ಎಳೆದಂತೆ ಕೈಕಡಸಲಿನಲ್ಲಿ ಬಿಲ್ಲಿನ ಅಥವಾ ಹಗ್ಗದ ಎಳೆತಕ್ಕೆ ಮರವು ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ತಿರುಗುತ್ತದೆ. ಉಳಿಯು ಒಂದು ದಿಕ್ಕಿನ ತಿರುವಿನಲ್ಲಿ ಮಾತ್ರ ಕೊರೆಯುತ್ತದೆ. ಚನ್ನಪಟ್ಟಣದ ನಿರ್ದಿಷ್ಟ ಶೈಲಿಯ ಮೂಲ ಯಾವುದೇ ಇರಲಿ, ಕಡೆಯುವ ಕ್ರಿಯೆ ಈ ನೆಲದ ಭಾಷೆಗೆ ಹೊಸದಾಗಿರಲಿಲ್ಲ ಎಂಬುದು ಇದರಿಂದ ಸ್ಪಷ್ಟ.

ಮರ

ಚನ್ನಪಟ್ಟಣದ ಕಸುಬಿಗೆ ಒದಗುವ ಮುಖ್ಯ ಮರ ಹಾಲೆ. ಸಸ್ಯಶಾಸ್ತ್ರದಲ್ಲಿ ರೈಟಿಯಾ ಟಿಂಕ್ಟೋರಿಯಾ. ತುಳುನಾಡಿನಲ್ಲಿ ಆಟಿ ಅಮಾವಾಸ್ಯೆಯ ಕಷಾಯಕ್ಕೆ ತೊಗಟೆ ತೆಗೆಯುವ ಹಾಲೆ ಅಥವಾ ಪಾಲೆ ಮರವು ಬೇರೆ ಜಾತಿಯದು. ಎರಡಕ್ಕೂ ಹಾಲು ಒಸರುವ ಗುಣದಿಂದ ಹೆಸರು ಬಂದಿರುವುದರಿಂದ ಕ್ಷೇತ್ರಕಾರ್ಯದಲ್ಲಿ ಗೊಂದಲಕ್ಕೆ ಅವಕಾಶವಿದೆ. ರೈಟಿಯಾ ಹಾಲೆಯು ಒಣಕಾಡಿನ ಸಣ್ಣ ಮರ. ಇದರ ಉದ್ದನೆಯ ಕಾಯಿಗಳು ಜೋಡಿಯಾಗಿ ತೂಗುತ್ತವೆ, ತುದಿಯಲ್ಲಿ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಎಲೆಯಿಂದ ನೀಲಿ ಬಣ್ಣ ತೆಗೆಯುತ್ತಿದ್ದುದರಿಂದ ಟಿಂಕ್ಟೋರಿಯಾ ಎಂಬ ವಿಶೇಷಣ ಸೇರಿದೆ. ಆಂಧ್ರದ ಏಟಿಕೊಪ್ಪಾಕದ ಅರಗಿನ ಆಟಿಕೆಗಳಿಗೂ ಇದೇ ಮರ. ಅಲ್ಲಿ ಅದಕ್ಕೆ ‘ಅಂಕುಡು’ ಎನ್ನುತ್ತಾರೆ.

ಹಾಲೆಯ ಮರ ಬಿಳುಪು, ನಾರು ಸಣ್ಣದು, ಮೃದು. ಉಳಿಗೆ ಸಿಡಿಯುವುದಿಲ್ಲ, ತೆಳುವಾದ ಗೋಡೆಯನ್ನೂ ತಾಳುತ್ತದೆ, ಬಿಳಿಯ ಮೈಯ ಮೇಲೆ ಅರಗಿನ ಬಣ್ಣ ಮಂಕಾಗುವುದಿಲ್ಲ. ಆದರೆ ಹಸಿಮರದಲ್ಲಿ ಕರಡಿಗೆ ಮಾಡಲಾಗದು. ತೊಗಟೆ ತೆಗೆದ ತುಂಡುಗಳನ್ನು ನೆರಳಿನಲ್ಲಿ ತಿಂಗಳುಗಟ್ಟಲೆ ಒಣಗಿಸುತ್ತಾರೆ. ಒಣಗುವಾಗ ಮರವು ನಾರಿನ ಉದ್ದಕ್ಕೆ ಬಹುಮಟ್ಟಿಗೆ ಕುಗ್ಗುವುದಿಲ್ಲ, ಅಡ್ಡಕ್ಕೆ ಕುಗ್ಗುತ್ತದೆ. ಅಡ್ಡದಲ್ಲಿಯೂ ಬೆಳವಣಿಗೆಯ ಬಳೆಗಳ ಗುಂಟ ಆಗುವ ಕುಗ್ಗುವಿಕೆಯು ತಿರುಳಿನಿಂದ ತೊಗಟೆಯ ದಿಕ್ಕಿಗೆ ಆಗುವುದಕ್ಕಿಂತ ಹೆಚ್ಚು. ಆದ್ದರಿಂದ ಹಸಿಯಾಗಿ ಕಡೆದ ವೃತ್ತವು ಒಣಗಿದ ಮೇಲೆ ಅಂಡಾಕಾರ ತಾಳುತ್ತದೆ. ಆಟಿಕೆಯ ಗಾಲಿಯಲ್ಲಿ ಈ ದೋಷ ಕಣ್ಣಿಗೆ ಬೀಳದೆ ಹೋಗಬಹುದು. ಕರಡಿಗೆಯಲ್ಲಿ ಮುಚ್ಚಳವೇ ಕೂಡುವುದಿಲ್ಲ.

ಕಡೆಯುವ ಕ್ರಮ

ಪೆಟ್ಟಿಗೆಗಳಲ್ಲಿ ಎರಡು ಬಗೆ. ಬಡಗಿಯು ಹಲಗೆಗಳನ್ನು ಜೋಡಿಸಿ ಮಾಡುವುದು ಕೂಡಿಸಿದ ಪೆಟ್ಟಿಗೆ. ಸಾಗರ, ಸೊರಬದ ಗುಡಿಗಾರರ ಕೆತ್ತನೆಯ ಗಂಧದ ಪೆಟ್ಟಿಗೆಗಳು ಈ ಬಗೆಯವು. ಒಂದೇ ತುಂಡಿನ ಒಡಲನ್ನು ಕೊರೆದು ತೆಗೆಯುವುದು ಕಡೆದ ಪೆಟ್ಟಿಗೆ. ಮೊದಲನೆಯದರಲ್ಲಿ ಕುಶಲತೆ ಮೂಲೆಯ ಕೂಡಿಕೆಯಲ್ಲಿದೆ; ಎರಡನೆಯದರಲ್ಲಿ ಬಾಯಿಯ ಕೂಡಿಕೆಯಲ್ಲಿದೆ.

ಕ್ರಮ ಹೀಗಿದೆ. ಒಣಗಿದ ತುಂಡಿನ ಒಂದು ತುದಿಯನ್ನು ಕಡಸಲಿನ ಹಿಡಿಕೆಗೆ ಬಿಗಿದು ಇನ್ನೊಂದು ತುದಿಯನ್ನು ಬಿಡುವಾಗಿ ಇಟ್ಟುಕೊಳ್ಳುತ್ತಾರೆ. ಒಳಗೆ ಕೊರೆಯಲು ಆ ತುದಿ ತೆರೆದಿರಬೇಕು. ಅಗಲ ಬಾಯಿಯ ಉಳಿಯಿಂದ ತುಂಡನ್ನು ದುಂಡಗೆ ಮಾಡಿದ ಮೇಲೆ ಮುಚ್ಚಳವಾಗಬೇಕಾದ ಭಾಗದ ಒಳಗನ್ನು ಮೊದಲು ಕೊರೆದು, ಅದನ್ನು ತುಂಡಿನಿಂದ ಬೇರ್ಪಡಿಸುತ್ತಾರೆ. ಉಳಿದ ತುಂಡಿನ ತುದಿಯನ್ನು ಸುತ್ತ ಸವರಿ, ಮುಚ್ಚಳದೊಳಗೆ ಕೂರುವ ಕಂಠವನ್ನು ತೆಗೆಯುತ್ತಾರೆ. ಇಡೀ ಕೆಲಸದ ನಿರ್ಣಾಯಕ ಹಂತ ಇದೇ. ಕಂಠ ಕೂದಲೆಳೆಯಷ್ಟು ದಪ್ಪವಾದರೆ ಮುಚ್ಚಳ ಸೀಳುತ್ತದೆ. ಅಷ್ಟೇ ತೆಳುವಾದರೆ ಕರಡಿಗೆಯನ್ನು ಮಗುಚಿದಾಗ ಮುಚ್ಚಳ ಕಳಚಿ ಉಂಗುರ ನೆಲಕ್ಕೆ ಬೀಳುತ್ತದೆ. ಆದ್ದರಿಂದ ತುಸು ಸವರುವುದು, ನಿಲ್ಲಿಸಿ ಮುಚ್ಚಳ ಒತ್ತಿ ನೋಡುವುದು, ಮತ್ತೆ ಸವರುವುದು ಎಂಬ ಕ್ರಮ ಹಲವು ಬಾರಿ ನಡೆಯುತ್ತದೆ. ಮುಚ್ಚಳ ಕೂತ ಮೇಲೆ ಎರಡೂ ಭಾಗಗಳನ್ನು ಒಂದಾಗಿಯೇ ತಿರುಗಿಸಿ ಹೊರಮೈಯನ್ನು ಹದಗೊಳಿಸಿ ಬಣ್ಣ ಹಚ್ಚುತ್ತಾರೆ. ಹೊರಗಿನ ಗೆರೆ ಒಂದೇ ಆಗಿ ಕಾಣುವುದು ಇದರಿಂದ. ಕೊನೆಯಲ್ಲಿ ಮುಚ್ಚಳ ತೆಗೆದು ಒಡಲನ್ನು ಕೊರೆದು, ತಳದಲ್ಲಿ ಕತ್ತರಿಸಿ ಹಿಡಿಕೆಯಿಂದ ಬಿಡಿಸುತ್ತಾರೆ.

ಮುಚ್ಚಳ ಮತ್ತು ಒಡಲು ಒಂದೇ ತುಂಡಿನ ನೆರೆಯ ಭಾಗಗಳಾಗಿರಬೇಕೆಂಬ ನಿಯಮಕ್ಕೆ ಅಂದವಷ್ಟೇ ಕಾರಣವಲ್ಲ. ಮಳೆಗಾಲದಲ್ಲಿ ಮರ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ನಾರಿನ ದಿಕ್ಕು ಎರಡರಲ್ಲಿಯೂ ಒಂದೇ ಆಗಿದ್ದರೆ ಎರಡೂ ಒಟ್ಟಿಗೆ ಹಿಗ್ಗಿ ಒಟ್ಟಿಗೆ ಕುಗ್ಗುತ್ತವೆ. ಬೇರೆ ಬೇರೆ ತುಂಡುಗಳಿಂದ ಮಾಡಿದ ಕರಡಿಗೆ ಒಂದು ಋತುವಿನಲ್ಲಿ ಕೂಡಿ ಇನ್ನೊಂದರಲ್ಲಿ ಅಗಲುತ್ತದೆ.

ಅರಗು

ಅರಗು ಒಂದು ಬಗೆಯ ಕೀಟವು ಮರದ ರೆಂಬೆಗಳ ಮೇಲೆ ಒಸರುವ ರಾಳ. ಅದನ್ನು ಕೆಂಡದ ಮೇಲೆ ಮೆತುವಾಗಿಸಿ, ಬಣ್ಣ ಸೇರಿಸಿ, ನಾದಿ, ಎಳೆದು ಬತ್ತಿಗಳಾಗಿ ಮಾಡಿಕೊಳ್ಳುತ್ತಾರೆ. ಹಳದಿಗೆ ಅರಿಶಿನ, ನೀಲಿಗೆ ನೀಲಿಗಿಡ, ಇವೆರಡರ ಬೆರಕೆಯಿಂದ ಹಸಿರು, ಕಂದಿಗೆ ಕಾಚು ಇವು ಸಸ್ಯಮೂಲದ ಬಣ್ಣಗಳು. ನಡುವೆ ರಾಸಾಯನಿಕ ಬಣ್ಣಗಳು ಬಂದವು. ಮಕ್ಕಳ ಆಟಿಕೆಗಳ ಸುರಕ್ಷತೆಯ ಪ್ರಶ್ನೆ ಎದ್ದಾಗ ಸಸ್ಯಮೂಲದ ಬಣ್ಣಗಳಿಗೆ ಮತ್ತೆ ಬೇಡಿಕೆ ಬಂದಿತು.

ತಿರುಗುತ್ತಿರುವ ಮರಕ್ಕೆ ಬತ್ತಿಯನ್ನು ಒತ್ತಿ ಹಿಡಿದಾಗ ಉಜ್ಜಾಟದ ಬಿಸಿಗೆ ಅರಗು ಕರಗಿ ಮೈಗೆ ಹತ್ತುತ್ತದೆ. ಕುಂಚವಿಲ್ಲ, ಎಣ್ಣೆಯಿಲ್ಲ, ಒಣಗಲು ಕಾಯುವುದೂ ಇಲ್ಲ. ಬಳಿಕ ಒಣಗಿದ ಕೇದಗೆಯ ಗರಿಯನ್ನು ಒತ್ತಿ ಹಿಡಿದರೆ ಅರಗು ಸಮನಾಗಿ ಹರಡಿ ಹೊಳಪು ಏರುತ್ತದೆ. ಕಂಠಕ್ಕೆ ಮಾತ್ರ ಅರಗು ತಗಲಬಾರದು. ತಗಲಿದರೆ ದಪ್ಪ ಕೆಡುತ್ತದೆ, ಬಿಸಿಲಿನ ತಾಪಕ್ಕೆ ಮುಚ್ಚಳ ಅಂಟಿಕೊಳ್ಳುತ್ತದೆ. ಆದ್ದರಿಂದ ಒಳ್ಳೆಯ ಕರಡಿಗೆಯನ್ನು ತೆರೆದಾಗ ಬಣ್ಣದ ಹೊರಮೈ ಮತ್ತು ಬರಿಮರದ ಕಂಠದ ನಡುವಿನ ಗಡಿ ಗೆರೆ ಎಳೆದಂತೆ ಸ್ಪಷ್ಟವಾಗಿರುತ್ತದೆ. ವಸ್ತುಸಂಗ್ರಹಾಲಯದಲ್ಲಿ ಕೈಗೆಲಸದ ಮಟ್ಟವನ್ನು ಪರಿಶೀಲಿಸುವವರು ಮೊದಲು ನೋಡಬೇಕಾದ ಜಾಗ ಅದು.

ಅಳತೆಯ ಮೌಖಿಕತೆ

ಮೇಲಿನ ವಿವರಣೆಯನ್ನು ಓದಿದವರು ಕರಡಿಗೆ ಮಾಡಲಾರರು. ಕಂಠವು ಎಷ್ಟು ದಪ್ಪವಿರಬೇಕು ಎಂಬ ಪ್ರಶ್ನೆಗೆ ಅಂಕಿಯಲ್ಲಿ ಉತ್ತರವಿಲ್ಲ. ಮುಚ್ಚಳ ಒತ್ತಿದಾಗ ಒಳಗಿನ ಗಾಳಿ ಮೆಲ್ಲನೆ ಹೊರಡುವ ಹದ, ಎಳೆದಾಗ ಬೆರಳಿಗೆ ತಿಳಿಯುವ ಬಿಗಿತ ಇವೇ ಅಲ್ಲಿ ಅಳತೆಗೋಲು. ಮರ ಒಣಗಿದೆಯೆಂಬುದನ್ನು ತೂಕ, ತಟ್ಟಿದಾಗ ಬರುವ ಸದ್ದು ತಿಳಿಸುತ್ತವೆ. ಈ ತಿಳಿವಳಿಕೆ ಜೊತೆಯಲ್ಲಿ ಕುಳಿತು ನೋಡಿ ಮಾಡಿ ಕಲಿಯುವವರಿಗೆ ಮಾತ್ರ ದಾಟುತ್ತದೆ. ಹಾಡಿನ ಧಾಟಿಯನ್ನು ಪಠ್ಯವು ಹೇಗೆ ಹಿಡಿದಿಡಲಾರದೋ ಕಂಠದ ಹದವನ್ನೂ ಹಾಗೆಯೇ ಚಿತ್ರವು ಹಿಡಿದಿಡಲಾರದು. ಕಸುಬನ್ನು ಮೌಖಿಕ ಪರಂಪರೆಯ ಭಾಗವೆಂದು ಪರಿಗಣಿಸಬೇಕಾದ ಕಾರಣ ಇದು.

ಇದೇ ಹದವು ಸಮುದಾಯಗಳ ಗಡಿಯನ್ನು ದಾಟಿದೆ. ಮುಸ್ಲಿಂ ಕುಶಲಕರ್ಮಿಯ ಕೈಯಲ್ಲಿ ರೂಪುಗೊಂಡ ಭರಣಿ ಹಿಂದೂ ವಧುವಿನ ಕುಂಕುಮವನ್ನು ಕಾಯುತ್ತದೆ. ಅದೇ ಕಂಠದ ಕರಡಿಗೆ ಕ್ರೈಸ್ತ ವಧೂವರರ ಉಂಗುರಕ್ಕೂ ಒದಗಬಲ್ಲದು. ಯಾವ ಶಾಸ್ತ್ರಕ್ಕೆ ಎಂಬುದನ್ನು ಕೊಳ್ಳುವವರು ನಿರ್ಧರಿಸುತ್ತಾರೆ. ಮುಚ್ಚಳ ಕೂಡುವ ನಿಯಮ ಮಾತ್ರ ಒಂದೇ.

ಇಂದಿನ ಪ್ರಶ್ನೆ

ಚನ್ನಪಟ್ಟಣದ ಆಟಿಕೆ ಮತ್ತು ಗೊಂಬೆಗಳಿಗೆ 2005–06ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ದೊರೆಯಿತು. ಬೇರೆಡೆ ತಯಾರಾದ ಸರಕು ಈ ಊರಿನ ಹೆಸರಿನಲ್ಲಿ ಮಾರಾಟವಾಗದಂತೆ ತಡೆಯಲು ಅದು ಕಾನೂನಿನ ಆಧಾರ. ಆದರೆ ರಕ್ಷಣೆ ದೊರೆತದ್ದು ಹೆಸರಿಗೆ. ಹಾಲೆಯ ಮರ ನೆಡುವುದಕ್ಕೂ ತಿಂಗಳುಗಟ್ಟಲೆ ಒಣಗಿಸುವ ತಾಳ್ಮೆಗೆ ಬೆಲೆ ತೆರುವುದಕ್ಕೂ ಹದವನ್ನು ಮುಂದಿನವರಿಗೆ ದಾಟಿಸುವುದಕ್ಕೂ ಅದು ವ್ಯವಸ್ಥೆಯಲ್ಲ. ಅಚ್ಚಿನಲ್ಲಿ ಎರಕಗೊಂಡ ಪ್ಲಾಸ್ಟಿಕ್ ಡಬ್ಬಿಗೆ ಋತುವಿನ ಹಂಗಿಲ್ಲ. ಅದರೊಡನೆ ಬೆಲೆಯಲ್ಲಿ ಸ್ಪರ್ಧಿಸಬೇಕಾದಾಗ ಮೊದಲು ಕೈಬಿಡುವುದು ಒಣಗಿಸುವ ಅವಧಿಯನ್ನು. ಅದು ಕುಗ್ಗಿದೊಡನೆ ಕಂಠದ ಹದಕ್ಕೆ ಅರ್ಥ ಉಳಿಯುವುದಿಲ್ಲ.

ವಿದ್ಯುತ್ ಲೇತ್ ಬಂದದ್ದನ್ನೇ ಅವನತಿಯೆಂದು ಭಾವಿಸುವುದು ಸರಿಯಲ್ಲ. ಯಂತ್ರ ಒಂದೇ ದಿಕ್ಕಿಗೆ ನಿರಂತರ ತಿರುಗುವುದರಿಂದ ‘ಕಡೆ’ ಎಂಬ ಧಾತುವಿನ ಹಿಂದುಮುಂದಿನ ಚಲನೆ ಇಲ್ಲವಾಗಿದೆ. ದೇಹದ ಶ್ರಮವೂ ತಗ್ಗಿದೆ. ಮುಚ್ಚಳವನ್ನು ಒತ್ತಿ ನೋಡುವ ಬೆರಳು ಮಾತ್ರ ಈಗಲೂ ಕುಶಲಕರ್ಮಿಯದೇ. ಉಳಿಸಿಕೊಳ್ಳಬೇಕಾದದ್ದು ಆ ಬೆರಳಿನ ವಿದ್ಯೆ.

ಈ ದಿಸೆಯಲ್ಲಿ ಸಂಶೋಧಕರೂ ಸಂಗ್ರಹಾಲಯಗಳೂ ಮಾಡಬಹುದಾದ ಕೆಲಸ ಅಸಾಧ್ಯವಾದುದಲ್ಲ. ಇದೇ ಹೆದ್ದಾರಿಯಲ್ಲಿ ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವು ಜನಬಳಕೆಯ ವಸ್ತುಗಳನ್ನು ಗೌರವದಿಂದ ಕಾಪಿಡುವ ಮಾದರಿಯನ್ನು ಹಾಕಿಕೊಟ್ಟಿದೆ. ಅದರ ಮುಂದಿನ ಹೆಜ್ಜೆಯಾಗಿ ಸಿದ್ಧವಸ್ತುವಿನ ಪಕ್ಕದಲ್ಲಿ ಅದರ ಅಪೂರ್ಣ ಹಂತಗಳನ್ನೂ ಸಂಗ್ರಹಿಸಬೇಕು: ತೊಗಟೆ ತೆಗೆದ ತುಂಡು, ದುಂಡಗೆ ಮಾಡಿದ ಒಡಲು, ಬೇರ್ಪಟ್ಟ ಮುಚ್ಚಳ, ಕಂಠ ತೆಗೆದ ಭಾಗ, ಸೀಳಿ ಬಿಸುಟ ಮುಚ್ಚಳ ಕೂಡ. ಬಿಸುಟದ್ದನ್ನು ನೋಡಿದಾಗಲೇ ಹದ ಎಲ್ಲಿ ತಪ್ಪಿತೆಂಬುದು ತಿಳಿಯುತ್ತದೆ. ಪ್ರತಿ ಹಂತಕ್ಕೂ ಕುಶಲಕರ್ಮಿಗಳು ಕನ್ನಡದಲ್ಲಿಯೂ ಉರ್ದುವಿನಲ್ಲಿಯೂ ಬಳಸುವ ಪದಗಳನ್ನು, ಕೆಲಸ ನಡೆಯುತ್ತಿರುವಾಗಲೇ ಅವರ ಮಾತಿನಲ್ಲಿ ದಾಖಲಿಸಬೇಕು. ಪ್ರಶ್ನಾವಳಿ ಹಿಡಿದು ಕೇಳಿದಾಗ ಹೊರಬಾರದ ಪದಗಳು ಉಳಿ ಹಿಡಿದ ಕೈಯ ಜೊತೆಯಲ್ಲಿ ತಾವಾಗಿಯೇ ಬರುತ್ತವೆ.

ಕುಂಕುಮ ಹೋಗಿ ಉಂಗುರ ಬಂದರೂ ಕರಡಿಗೆ ತನ್ನ ಕೆಲಸವನ್ನು ಬಿಟ್ಟಿಲ್ಲ. ನಾಳೆ ಅದರಲ್ಲಿ ಮತ್ತೇನನ್ನು ಇರಿಸುವರೋ ಹೇಳಲಾಗದು. ಜಾನಪದದಲ್ಲಿ ಬಳಕೆ ಬದಲಾಗುವುದು ಸಹಜ; ಅದರಿಂದ ಪರಂಪರೆಗೆ ಹಾನಿಯಿಲ್ಲ. ಹಾನಿಯಾಗುವುದು ಮುಚ್ಚಳವನ್ನು ಒಡಲಿಗೆ ಕೂಡಿಸಬಲ್ಲವರು ಇಲ್ಲವಾದಾಗ. ಅಂಥವರು ನಮ್ಮ ನಡುವೆ ಇರುವಾಗಲೇ ಅವರ ಬಳಿ ಕುಳಿತು ದಾಖಲಿಸುವುದು ಜಾನಪದ ವಿದ್ವಾಂಸರ ಮುಂದಿರುವ ತುರ್ತಿನ ಕರ್ತವ್ಯವಾಗಿದೆ.